ಅಕ್ಷಿಪಟಲದ ಚಿಕಿತ್ಸೆಯ ಬಳಿಕ ಬರುವ ಪೊರೆ

ಅಂಗೈಯಲ್ಲಿನ ಇಷ್ಟಲಿಂಗವೇ ಮಸುಕಾಗಿ ಕಾಣತೊಡಗಿದಾಗ ಭಕ್ತರಿಗಾಗುವ ಕಳವಳವನ್ನು ನಾವು ಬಲ್ಲೆವು. ಕಳಚಿದ ಅಕ್ಷಿಪಟಲವನ್ನು, ಎಂದರೆ ರೆಟಿನಾವನ್ನು, ಶಸ್ತ್ರಚಿಕಿತ್ಸೆಯಿಂದ ಮರಳಿ ಕೂಡಿಸಿಕೊಂಡವರಿಗೆ ತಿಂಗಳುಗಳ ತರುವಾಯ ಹೀಗಾದರೆ, ಮಾಡಿಸಿದ್ದೆಲ್ಲ ವ್ಯರ್ಥವಾಯಿತೆಂಬ ಕೊರಗು ಹತ್ತುತ್ತದೆ. ಅನೇಕ ವೇಳೆ ಅದು ಬರಿಯ ಪೊರೆ. ಕಣ್ಣೊಳಗಿನ ಲೋಳೆದ್ರವವನ್ನು ತೆಗೆಯುವ ವಿಟ್ರೆಕ್ಟಮಿ ಮಾಡಿಸಿಕೊಂಡ, 50 ವರ್ಷ ದಾಟಿದವರಲ್ಲಿ ಬಹುಪಾಲು ಜನರಿಗೆ ಸುಮಾರು 2 ವರ್ಷಗಳೊಳಗೆ ಪೊರೆ ಬಲಿಯುತ್ತದೆ. ಆದರೂ ಕಾರಣವನ್ನು ನಿಶ್ಚಯಿಸಬೇಕಾದವರು ವೈದ್ಯರೇ.

ಅದನ್ನು ತೆಗೆಸುವುದು ಯಾವಾಗ? ಪಟಲವು ಭದ್ರವಾಗಿ ಕುಳಿತು ದೃಷ್ಟಿ ಒಂದು ನೆಲೆಗೆ ಬರಲು ಸಾಮಾನ್ಯವಾಗಿ ಕೆಲವು ತಿಂಗಳುಗಳೇ ಬೇಕು, ಆತುರ ಸಲ್ಲದು. ಕಣ್ಣಿನಲ್ಲಿ ಸಿಲಿಕೋನ್ ಎಣ್ಣೆ ತುಂಬಿದ್ದರೆ ಅದನ್ನು ಹೊರತೆಗೆಯುವಾಗಲೇ ಪೊರೆಯನ್ನೂ ತೆಗೆಯುವುದುಂಟು. ಎಣ್ಣೆಯಿರುವ ಕಣ್ಣಿನಲ್ಲಿ ಹೊಸ ಮಸೂರದ ಅಳತೆ ತಪ್ಪಬಹುದಾದ್ದರಿಂದ ಹಿಂದಿನ ಚಿಕಿತ್ಸೆಯ ಕಾಗದಗಳನ್ನು ತಪ್ಪದೆ ಒಯ್ಯಬೇಕು. ಉಚಿತ ಶಿಬಿರಗಳ ಬಗೆಗೆ ನಮಗೆ ಗೌರವವಿದೆ. ಆದರೆ ಇಂಥ ಕಣ್ಣುಳ್ಳವರು ಅಲ್ಲಿಯ ಸಾಲಿನಲ್ಲಿ ನಿಲ್ಲುವ ಮುನ್ನ ತಮ್ಮ ಅಕ್ಷಿಪಟಲ ತಜ್ಞರ ಒಪ್ಪಿಗೆ ಪಡೆಯಲೇಬೇಕು.

ಹಾಗೆಂದು ವರ್ಷಗಟ್ಟಲೆ ಮುಂದೂಡುವುದೂ ತರವಲ್ಲ. ತೀರ ಗಟ್ಟಿಯಾದ ಪೊರೆಯನ್ನು ತೆಗೆಯುವುದು ಕಠಿಣ. ಅದರ ಮರೆಯಲ್ಲಿರುವ ಪಟಲವನ್ನು ಪರೀಕ್ಷಿಸುವುದೂ ಕಷ್ಟ.

ಪೊರೆ ತೆಗೆಸಿದ ಮೇಲೂ ಪಟಲ ಮತ್ತೆ ಕಳಚುವ ಸಂಭವ ಪೂರ್ತಿ ಇಲ್ಲವಾಗದು. ಕಣ್ಣಲ್ಲಿ ಮಿಂಚು ಹೊಳೆದರೆ, ಒಮ್ಮೆಲೇ ಕಪ್ಪು ಚುಕ್ಕೆಗಳು ತೇಲಾಡಿದರೆ, ಒಂದು ಬದಿಯಿಂದ ಪರದೆ ಇಳಿದಂತಾದರೆ, ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ತೆರಳಬೇಕು.