ಕರೆಂಟ್ ಇದ್ದರೂ ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್ ಆಗ್ತಿದೆಯಾ? ರಿಪೇರಿಗೆ ಒಯ್ಯುವ ಮುನ್ನ ಇಷ್ಟು ನೋಡ್ರಿ

ಗೋಕಾಕ: ತಿಂಗಳ 20ನೇ ತಾರೀಖು, ಸಂಜೆ ಆರು ಗಂಟೆ. ಜಿಎಸ್‌ಟಿ 3ಬಿ ರಿಟರ್ನ್ ತುಂಬಲು ಅದೇ ಕೊನೇ ದಿನ. ಅಂಗಡಿಯೊಳಗೆ ಫ್ಯಾನ್ ತಿರುಗುತ್ತಿದೆ, ಲೈಟ್ ಉರಿಯುತ್ತಿದೆ. ಕಂಪ್ಯೂಟರ್ ಮಾತ್ರ ಟಕ್ ಎಂದು ಕಪ್ಪಾಗಿ, ಮತ್ತೆ ತಾನೇ ಶುರುವಾಗುತ್ತದೆ. ಅರ್ಧ ತುಂಬಿದ ಲೆಕ್ಕ ಹೋಯಿತು. ಮತ್ತೆ ಕೂತರೆ ಹತ್ತು ನಿಮಿಷಕ್ಕೆ ಮತ್ತದೇ ಕಥೆ. ತಾರೀಖು ದಾಟಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ ಶುರು, ನಿಲ್ ರಿಟರ್ನ್ ಆದರೂ 20 ರೂಪಾಯಿ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಬಿಲ್ಲಿಂಗ್ ಮಾಡುವ ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಸೆಂಟರ್ ನಡೆಸುವವರಿಗೆ ಇದು ಹೊಸ ಮಾತೇನಲ್ಲ.

ಹೆಚ್ಚಿನವರು ಮೊದಲು ಹೇಳುವುದು ‘ವೈರಸ್ ಬಂದೈತಿ’ ಅಂತ. ಕಂಪ್ಯೂಟರ್ ಹೊತ್ತು ರಿಪೇರಿಗೆ ಒಯ್ದರೆ ಅಲ್ಲಿ ವಿಂಡೋಸ್ ಹೊಸದಾಗಿ ಹಾಕಿಕೊಡುತ್ತಾರೆ. ಎರಡು ದಿನಕ್ಕೆ ಮತ್ತೆ ರೀಸ್ಟಾರ್ಟ್. ಯಾಕಂದ್ರೆ ಈ ತೊಂದರೆಯ ಮೂಲ ಬಹಳ ಸಲ ವಿಂಡೋಸ್ ಒಳಗೆ ಇರುವುದೇ ಇಲ್ಲ. ಗೋಡೆಯ ಪ್ಲಗ್‌ನಿಂದ ಮದರ್‌ಬೋರ್ಡ್‌ವರೆಗಿನ ಹಾದಿಯಲ್ಲಿ ಎಲ್ಲೋ ಇರುತ್ತದೆ.

ಹೇಗೆ ಬಂದ್ ಆಯಿತು, ಅದನ್ನು ಗಮನಿಸಿ

ರೀಸ್ಟಾರ್ಟ್ ಆಗುವ ಆ ಎರಡು ಸೆಕೆಂಡ್‌ನಲ್ಲಿ ಪರದೆಯ ಮೇಲೆ ಏನು ಕಂಡಿತು ಅನ್ನೋದು ಅರ್ಧ ಉತ್ತರ. ಯಾವ ಸೂಚನೆಯೂ ಇಲ್ಲದೆ ಯಾರೋ ಪ್ಲಗ್ ಕಿತ್ತ ಹಾಗೆ ಕಪ್ಪಾದರೆ ಕರೆಂಟ್, ಯುಪಿಎಸ್, ಎಸ್‌ಎಂಪಿಎಸ್ ಅಥವಾ ಬಿಸಿಯ ಕಡೆ ನೋಡಬೇಕು. ನೀಲಿ ಪರದೆ ಮಿಂಚಿ ಮಾಯವಾದರೆ ರ್‍ಯಾಮ್, ಡ್ರೈವರ್, ಹಾರ್ಡ್‌ಡಿಸ್ಕ್ ಕಡೆ. ‘ರೀಸ್ಟಾರ್ಟಿಂಗ್’ ಅಂತ ಬರೆದು, ಚಕ್ರ ತಿರುಗಿ, ಸಾವಕಾಶ ಬಂದ್ ಆದರೆ ಅದು ವಿಂಡೋಸ್ ಅಪ್‌ಡೇಟ್. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ವಿಭಾಗಕ್ಕೆ ಹೋಗಿ ‘ಆ್ಯಕ್ಟಿವ್ ಅವರ್ಸ್’ ಅನ್ನು ಅಂಗಡಿ ತೆರೆದಿರುವ ಹೊತ್ತಿಗೆ ಹೊಂದಿಸಿದರೆ ಆ ಹೊತ್ತಿನಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ.

ನೀಲಿ ಪರದೆ ಓದಲು ಸಮಯವೇ ಸಿಗುವುದಿಲ್ಲ ಎನ್ನುವವರು ಒಂದು ಕೆಲಸ ಮಾಡಬಹುದು. ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಭಾಗದಲ್ಲಿ ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’, ಅದರೊಳಗೆ ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ ತೆರೆಯಿರಿ. ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎಂಬಲ್ಲಿರುವ ಟಿಕ್ ತೆಗೆದುಬಿಡಿ. ಇನ್ನು ಮುಂದೆ ನೀಲಿ ಪರದೆ ಬಂದರೆ ಅಲ್ಲೇ ನಿಲ್ಲುತ್ತದೆ. ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡರೆ ರಿಪೇರಿಯವರಿಗೂ ಅನುಕೂಲ. ಟಿಕ್ ತೆಗೆದ ಮೇಲೂ ನೀಲಿ ಪರದೆ ಕಾಣದೆ ನೇರವಾಗಿ ಕಪ್ಪಾದರೆ ದೋಷ ಕರೆಂಟ್ ಹಾದಿಯಲ್ಲಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ಫ್ಯಾನ್‌ಗೆ ಗೊತ್ತಾಗದ್ದು ಕಂಪ್ಯೂಟರ್‌ಗೆ ಗೊತ್ತಾಗುತ್ತದೆ

‘ಕರೆಂಟ್ ಹೋಗೇ ಇಲ್ಲಲ್ರೀ, ಫ್ಯಾನ್ ತಿರುಗ್ತಾನೇ ಇತ್ತು’ ಎನ್ನುವುದು ಎಲ್ಲರ ಮಾತು. ಫ್ಯಾನ್ ಒಮ್ಮೆ ತಿರುಗಿದರೆ ಕರೆಂಟ್ ಅರೆಕ್ಷಣ ತಪ್ಪಿದರೂ ಓಟದ ಮೇಲೆ ತಿರುಗುತ್ತಲೇ ಇರುತ್ತದೆ. ಕಂಪ್ಯೂಟರ್ ಹಾಗಲ್ಲ. ನಮ್ಮ ಕರೆಂಟ್ 230 ವೋಲ್ಟ್, ಸೆಕೆಂಡಿಗೆ 50 ಸಲ ಏರಿಳಿಯುವಂಥದ್ದು, ಅಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಒಳ್ಳೆಯ ಎಸ್‌ಎಂಪಿಎಸ್ ಕೂಡ ಕರೆಂಟ್ ತಪ್ಪಿದಾಗ ತನ್ನೊಳಗಿನ ಕೆಪಾಸಿಟರ್ ಬಲದ ಮೇಲೆ ಕಂಪ್ಯೂಟರನ್ನು ಹಿಡಿದಿಡುವುದು ಸುಮಾರು 16-17 ಮಿಲಿಸೆಕೆಂಡ್ ಮಾತ್ರ. ಅಂದರೆ ಒಂದು ಸುತ್ತು ಪೂರ್ತಿ ತಪ್ಪಿದರೆ ಸಾಕು. ಅಗ್ಗದ ಅಥವಾ ಹಳೇ ಎಸ್‌ಎಂಪಿಎಸ್‌ಗೆ ಅಷ್ಟೂ ತಾಳಿಕೆ ಇರುವುದಿಲ್ಲ.

ಪಕ್ಕದಲ್ಲಿ ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ ಇದ್ದವರು ಇದನ್ನು ದಿನಾ ನೋಡುತ್ತಾರೆ. ದೊಡ್ಡ ಮೋಟಾರ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಆ ಲೈನ್‌ನ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಕೊಳವೆಬಾವಿ ಪಂಪ್‌ಗಳು ಹೆಚ್ಚಿರುವ ಹಳ್ಳಿಗಳಲ್ಲಿ ತ್ರೀಫೇಸ್ ಬಂದ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಗೋಕಾಕ ಫಾಲ್ಸ್‌ನ ನೀರಿನಿಂದ ವಿದ್ಯುತ್ ತೆಗೆದ ಊರು ಇದು. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಕರೆಂಟ್ ಹಂಚುತ್ತಿದೆ, ರಾಜ್ಯದಲ್ಲಿ ಬೇರೆಲ್ಲೂ ಇಲ್ಲದ ವ್ಯವಸ್ಥೆ. ಹಾಗಾಗಿ ವೋಲ್ಟೇಜ್ ದೂರು ಕೊಡುವಾಗ ಗೋಕಾಕ, ಮೂಡಲಗಿಯವರು ಹೆಸ್ಕಾಂನ 1912ಕ್ಕೆ ಫೋನ್ ಮಾಡಬೇಕು, ಹುಕ್ಕೇರಿ ತಾಲೂಕಿನವರು ಸಂಘದ ಹತ್ತಿರದ ಕಚೇರಿಗೆ ಹೋಗಬೇಕು. ಆದರೆ ಲೈನ್ ಯಾರದ್ದೇ ಇರಲಿ, ಮೋಟಾರ್ ಶುರುವಾದಾಗಿನ ಆ ಕ್ಷಣದ ಕುಸಿತವನ್ನು ಯಾರೂ ಪೂರ್ತಿ ತಪ್ಪಿಸಲಾರರು. ಅದಕ್ಕೇ ಯುಪಿಎಸ್ ಬೇಕಾಗುವುದು.

ಒಂದು ಎಚ್ಚರಿಕೆ ಮಾತ್ರ ಇಲ್ಲಿ ಹೇಳಲೇಬೇಕು. ಒಂದು ಕೋಣೆಯ ಬಲ್ಬ್ ವಿಪರೀತ ಬೆಳಗಿ ಇನ್ನೊಂದರದ್ದು ಮಂಕಾದರೆ ಅದು ನ್ಯೂಟ್ರಲ್ ಸಡಿಲಾದ ಲಕ್ಷಣ. ತ್ರೀಫೇಸ್ ಸಂಪರ್ಕ ಇದ್ದಲ್ಲಿ 230ರ ಜಾಗದಲ್ಲಿ 400 ವೋಲ್ಟ್ ಹತ್ತಿರ ಬರಬಹುದು. ಆಗ ಕಂಪ್ಯೂಟರ್ ಚಿಂತೆ ಬಿಟ್ಟು ಮೊದಲು ಮೇನ್ ಸ್ವಿಚ್ ಆಫ್ ಮಾಡಿ.

ಯುಪಿಎಸ್ ಇದೆ, ಆದರೆ ಇಲ್ಲದ ಹಾಗೆ

ಮೇಜಿನ ಕೆಳಗೆ ಯುಪಿಎಸ್ ಇದೆ, ಹಸಿರು ದೀಪವೂ ಉರಿಯುತ್ತಿದೆ. ಅದರೊಳಗಿನ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಯ ಆಯುಷ್ಯ ಮಾತ್ರ ಎರಡರಿಂದ ಮೂರು ವರ್ಷ. ನಮ್ಮ ಬೇಸಿಗೆಯ ಬಿಸಿಗೆ ಇನ್ನೂ ಬೇಗ ಸಾಯುತ್ತದೆ. ಪರೀಕ್ಷೆ ಸುಲಭ. ಎಲ್ಲ ಫೈಲ್ ಸೇವ್ ಮಾಡಿ, ಮುಚ್ಚಿ, ಕಂಪ್ಯೂಟರ್ ಚಾಲೂ ಇರುವಾಗಲೇ ಗೋಡೆಯ ಸ್ವಿಚ್ ಆಫ್ ಮಾಡಿ. ಐದು ನಿಮಿಷ ತಾಳಿತು ಅಂದ್ರೆ ಬ್ಯಾಟರಿ ಪರವಾಗಿಲ್ಲ. ತಕ್ಷಣ ಬಂದ್ ಆಯಿತು ಅಂದ್ರೆ ಬ್ಯಾಟರಿ ಬದಲಿಸಿ. ಇಷ್ಟಕ್ಕೇ ಎಷ್ಟೋ ಜನರ ಸಮಸ್ಯೆ ಮುಗಿದುಹೋಗುತ್ತದೆ.

ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ತಪ್ಪು ಬೇರೆ. ಒಂದೇ ಯುಪಿಎಸ್‌ಗೆ ಕಂಪ್ಯೂಟರ್, ಮಾನಿಟರ್, ಜೊತೆಗೆ ಲೇಸರ್ ಪ್ರಿಂಟರ್. 600 ವಿಎ ಯುಪಿಎಸ್ ಅಂದರೆ 600 ವ್ಯಾಟ್ ಅಂತ ತಿಳಿದವರೇ ಹೆಚ್ಚು. ಅದು ಕೊಡುವುದು ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸು. ಲೇಸರ್ ಪ್ರಿಂಟರ್ ಒಳಗೆ ಟೋನರನ್ನು ಕಾಗದಕ್ಕೆ ಅಂಟಿಸಲು ಹೀಟರ್ ಇರುತ್ತದೆ, ಅದು ಕಾಯುವ ಕ್ಷಣದಲ್ಲಿ 500ರಿಂದ 1000 ವ್ಯಾಟ್ ಎಳೆಯುತ್ತದೆ. ಪ್ರಿಂಟ್ ಕೊಟ್ಟಾಗಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಗುಟ್ಟು ಇದೇ. ಲೇಸರ್ ಪ್ರಿಂಟರ್, ಝೆರಾಕ್ಸ್ ಯಂತ್ರ, ಲ್ಯಾಮಿನೇಶನ್ ಯಂತ್ರ ಮೂರನ್ನೂ ಯುಪಿಎಸ್‌ನಿಂದ ತೆಗೆದು ನೇರ ಗೋಡೆಗೆ ಹಾಕಿ. ಅದೇ ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ, ಬೇರೆ ಪ್ಲಗ್ ಪಾಯಿಂಟ್ ಬೇಕು.

ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆಸುವವರು ಅದರ ಬೆನ್ನ ಹಿಂದೆ ಒಮ್ಮೆ ನೋಡ್ರಿ. ಬಹಳಷ್ಟು ಇನ್ವರ್ಟರ್‌ಗಳಲ್ಲಿ ‘ಯುಪಿಎಸ್’ ಮತ್ತು ‘ಇಕೋ’ ಅಥವಾ ‘ನಾರ್ಮಲ್’ ಎಂಬ ಸ್ವಿಚ್ ಇರುತ್ತದೆ. ಇಕೋದಲ್ಲಿದ್ದರೆ ಬ್ಯಾಟರಿಗೆ ಬದಲಾಗಲು ತಡವಾಗುತ್ತದೆ, ಲೈಟಿಗೆ ಅದು ನಡೆಯುತ್ತದೆ, ಕಂಪ್ಯೂಟರ್‌ಗೆ ನಡೆಯುವುದಿಲ್ಲ. ಯುಪಿಎಸ್ ಕಡೆ ಒತ್ತಿದರೆ ಕೆಲಸ ಆಯಿತು. ಒಂದು ರೂಪಾಯಿ ಖರ್ಚಿಲ್ಲ.

ಎಸ್‌ಎಂಪಿಎಸ್, ಧೂಳು, ರ್‍ಯಾಮ್

ಯುಪಿಎಸ್ ಸರಿ ಇದ್ದೂ ಕಪ್ಪಾಗುತ್ತಿದ್ದರೆ ಮುಂದಿನ ಅನುಮಾನ ಎಸ್‌ಎಂಪಿಎಸ್. 230 ವೋಲ್ಟ್‌ ಅನ್ನು 12, 5, 3.3 ವೋಲ್ಟ್‌ಗೆ ಇಳಿಸುವ ಪೆಟ್ಟಿಗೆ ಇದು. ಸುಮ್ಮನಿದ್ದಾಗ ಸರಿ ಇದ್ದು, ಕೆಲಸದ ಹೊರೆ ಬಿದ್ದಾಗ ಕೈಕೊಡುವುದು ಇದರ ಗುಣ. ಡಬ್ಬಿಯ ಮೇಲೆ ದೊಡ್ಡದಾಗಿ ‘450’ ಅಂತ ಬರೆದಿರುತ್ತದೆ. ಅದನ್ನು ನಂಬಬೇಡಿ. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ ಪ್ರೊಸೆಸರ್‌ನಂಥ ಹೊರೆ ಹೊರುವ ಆ ಲೈನ್‌ಗೆ ಸಿಗುವುದು 192 ವ್ಯಾಟ್ ಮಾತ್ರ. ಪರೀಕ್ಷೆಗೆ ಒಳ್ಳೇ ಉಪಾಯ, ಸರಿ ಇರುವ ಬೇರೆ ಎಸ್‌ಎಂಪಿಎಸ್ ಹಾಕಿ ಎರಡು ದಿನ ನಡೆಸುವುದು. ರಿಪೇರಿಯವರ ಹತ್ತಿರ ಒಂದು ಇದ್ದೇ ಇರುತ್ತದೆ. ಆದರೆ ಆ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು. ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತಿದ್ದರೆ ಅರ್ಥಿಂಗ್ ಇಲ್ಲವೆಂದೇ ಲೆಕ್ಕ, ವೈರಿಂಗ್‌ನವರನ್ನು ಕರೆಸಿ.

ಧೂಳಿನ ವಿಷಯ ಹೇಳುವುದೇ ಬೇಡ. ಕಬ್ಬಿನ ಸೀಸನ್‌ದಾಗ ರಸ್ತೆ ಪಕ್ಕದ ಅಂಗಡಿಯ ಕಂಪ್ಯೂಟರ್ ಬಿಚ್ಚಿದರೆ ಹೀಟ್‌ಸಿಂಕ್ ಮೇಲೆ ಕಂಬಳಿ ಹೊದಿಸಿದ ಹಾಗಿರುತ್ತದೆ. ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋದರೆ ತನ್ನನ್ನು ತಾನು ಉಳಿಸಿಕೊಳ್ಳಲು ಮೊದಲು ನಿಧಾನವಾಗುತ್ತದೆ, ಆಮೇಲೆ ಬಂದ್ ಆಗುತ್ತದೆ. ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನದ ಮೇಲೆ ತೊಂದರೆ ಕೊಟ್ಟರೆ, ಬಂದ್ ಆದ ಕೂಡಲೇ ಶುರುವಾಗದೆ ಅರ್ಧ ತಾಸು ಬಿಟ್ಟರೆ ಶುರುವಾದರೆ ಬಿಸಿಯೇ ಕಾರಣ. ಪ್ಲಗ್ ತೆಗೆದು, ಬ್ಲೋವರ್ ಹಿಡಿದು ಧೂಳು ಹೊಡೆಯಿರಿ. ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿಂದ ಹಿಡಿದಿರಿ, ಗಾಳಿಗೆ ಜೋರಾಗಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ನಾಲ್ಕೈದು ವರ್ಷ ಹಳೆಯದಾದರೆ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿರುತ್ತದೆ, ಹಳೆಯದನ್ನು ಒರೆಸಿ ತೊಗರಿ ಕಾಳಿನಷ್ಟು ಹೊಸದು ಹಾಕಿದರೆ ಸಾಕು. ಕ್ಯಾಬಿನೆಟ್‌ ಅನ್ನು ಮೇಜಿನ ಮುಚ್ಚಿದ ಖಾನೆಯಲ್ಲಿ ಇಟ್ಟವರು ಹಿಂದಿನ ಹಲಗೆ ತೆಗೆಸಿಬಿಡಿ. ಇರುವೆ, ಹಲ್ಲಿ ಒಳಗೆ ಹೋಗಿ ಮದರ್‌ಬೋರ್ಡ್ ಮೇಲೆ ಸತ್ತಿರುವುದೂ ಉಂಟು, ನಗಬೇಡಿ.

ನೀಲಿ ಪರದೆ ಬರುವವರು ರ್‍ಯಾಮ್‌ನಿಂದ ಶುರು ಮಾಡಲಿ. ಪ್ಲಗ್ ತೆಗೆದು, ಕ್ಯಾಬಿನೆಟ್‌ನ ಲೋಹ ಮುಟ್ಟಿ, ರ್‍ಯಾಮ್ ಪಟ್ಟಿ ತೆಗೆದು ಅದರ ಬಂಗಾರದ ಬಣ್ಣದ ಅಂಚನ್ನು ಶಾಲೆಯ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಮತ್ತೆ ಗಟ್ಟಿಯಾಗಿ ಕೂರಿಸಿ. ಎರಡು ಪಟ್ಟಿ ಇದ್ದರೆ ಒಂದೊಂದೇ ಹಾಕಿ ಒಂದೊಂದು ದಿನ ನಡೆಸಿ, ಕೆಟ್ಟದ್ದು ಯಾವುದು ಅಂತ ತಾನೇ ಹೇಳುತ್ತದೆ. ವಿಂಡೋಸ್‌ನಲ್ಲೇ ‘ಮೆಮೊರಿ ಡಯಾಗ್ನೋಸ್ಟಿಕ್’ ಎಂಬ ಪರೀಕ್ಷೆಯೂ ಇದೆ, ರಾತ್ರಿ ಅಂಗಡಿ ಮುಚ್ಚುವಾಗ ಹಚ್ಚಿ ಹೋಗಬಹುದು. ಇನ್ನೊಂದು ಸಣ್ಣ ಕಾರಣವನ್ನು ಎಲ್ಲರೂ ಮರೆಯುತ್ತಾರೆ: ಮುಂದಿನ ರೀಸೆಟ್ ಬಟನ್ ಧೂಳಿಗೆ ಒಳಗೇ ಸಿಕ್ಕಿಕೊಂಡಿರುವುದು.

ಈವೆಂಟ್ ವ್ಯೂವರ್ ಹೇಳುವುದೇನು

ಸ್ಟಾರ್ಟ್ ಮೆನುವಿನಲ್ಲಿ ‘ಈವೆಂಟ್ ವ್ಯೂವರ್’ ಹುಡುಕಿ, ವಿಂಡೋಸ್ ಲಾಗ್ಸ್‌ನಲ್ಲಿ ಸಿಸ್ಟಮ್ ತೆರೆದರೆ ಪ್ರತಿ ರೀಸ್ಟಾರ್ಟ್‌ನ ದಾಖಲೆ ಸಿಗುತ್ತದೆ. ‘ಕರ್ನಲ್-ಪವರ್ 41’ ಅಂತ ಕೆಂಪಗೆ ಕಂಡರೆ ಪವರ್ ಸಪ್ಲೈ ಕೆಟ್ಟಿದೆ ಅಂತ ಹೇಳುವವರಿದ್ದಾರೆ. ಅದು ತಪ್ಪು. ಕಂಪ್ಯೂಟರ್ ಸರಿಯಾಗಿ ಬಂದ್ ಆಗದೆ ಮತ್ತೆ ಶುರುವಾಯಿತು ಅನ್ನೋದಷ್ಟೇ ಅದರ ಅರ್ಥ, ಕಾರಣ ಅದರಲ್ಲಿ ಇರುವುದಿಲ್ಲ. ನೀಲಿ ಪರದೆ ಬಂದಿದ್ದರೆ ಜೊತೆಗೆ 1001 ಇರುತ್ತದೆ. ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟ್ ಕೇಳಿ ರೀಸ್ಟಾರ್ಟ್ ಮಾಡಿಸಿದ್ದರೆ 1074.

ಅಲ್ಲಿಂದ ನಿಜವಾಗಿ ತೆಗೆದುಕೊಳ್ಳಬೇಕಾದ್ದು ವೇಳೆ. ಹತ್ತು ಸಲದ ತಾರೀಖು, ಗಂಟೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಆಗ ಪ್ರಿಂಟ್ ಕೊಟ್ಟಿದ್ದಿರಾ, ಗಿರಣಿ ಶುರುವಾಯಿತಾ, ಬಿಸಿಲೇರಿತ್ತಾ ಅಂತ ನೆನಪಾದಷ್ಟು ಬರೆಯಿರಿ. ಒಂದು ವಾರದಲ್ಲಿ ಕಾರಣ ಆ ಚೀಟಿಯಲ್ಲೇ ಕಾಣತೊಡಗುತ್ತದೆ. ರಿಪೇರಿಗೆ ಒಯ್ಯುವಾಗ ಅದನ್ನೂ ಒಯ್ಯಿರಿ. ರಿಪೇರಿ ಅಂಗಡಿಯಲ್ಲಿ ಒಳ್ಳೇ ಕರೆಂಟ್‌ನ ಮೇಲೆ ಕಂಪ್ಯೂಟರ್ ದಿನವಿಡೀ ಸರಿ ನಡೆದರೆ ದೋಷ ನಿಮ್ಮ ಅಂಗಡಿಯ ಪ್ಲಗ್‌ನಲ್ಲಿದೆಯೇ ಹೊರತು ಕಂಪ್ಯೂಟರ್‌ನಲ್ಲಲ್ಲ. ‘ಫಾರ್ಮ್ಯಾಟ್ ಮಾಡಿಬಿಡೋಣ’ ಅಂದರೆ ಮೊದಲು ಡೇಟಾ ತೆಗೆಸಿಕೊಳ್ಳದೆ ಹೂಂ ಅನ್ನಬೇಡಿ.

ಯಾಕಂದ್ರೆ ಇಲ್ಲಿ ಹೋಗುವುದು ಬರೀ ಯಂತ್ರವಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಡಿಸ್ಕ್‌ಗೆ ಬರೆಯುತ್ತಿರುವಾಗಲೇ ಕರೆಂಟ್ ಕಡಿದರೆ ಆ ಫೈಲೇ ಕೆಡಬಹುದು, ವರ್ಷದ ಉದ್ರಿ ಲೆಕ್ಕ ತೆರೆಯದೇ ಹೋಗಬಹುದು. ರೀಸ್ಟಾರ್ಟ್ ಶುರುವಾದ ದಿನವೇ, ಕಾರಣ ಹುಡುಕುವ ಮೊದಲೇ, ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆಯಿರಿ. ಎರಡು ಪೆನ್‌ಡ್ರೈವ್ ಇಟ್ಟು, ಒಂದನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ಒಯ್ಯಿರಿ. 2019ರ ಆಗಸ್ಟ್‌ನಲ್ಲಿ ನೀರು ನುಗ್ಗಿದ್ದನ್ನು ಕಂಡ ಗೋಕಾಕದ ವ್ಯಾಪಾರಿಗಳಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.