ಶಿಬಿರಕ್ಕೆ ಹೋಗುವ ಮುನ್ನ ಮಂಡಕ್ಕಿ ಭಟ್ಟಿಗೆ ಬನ್ನಿ

ಪಾಲಿಕೆ ಸದಸ್ಯರು ಬಸ್ ಹತ್ತಿ ರೆಸಾರ್ಟ್ ಸೇರಿದರೆಂದರೆ ನಮ್ಮ ಜನ ಕೇಳುವುದು ಒಂದೇ: ಮೇಯರ್ ಚುನಾವಣೆ ಯಾವತ್ತು? ಅದು ಬಿಟ್ಟರೆ ಅಧ್ಯಯನ ಪ್ರವಾಸ. ಬೇರೆ ರಾಜ್ಯದ ಕಸ ವಿಲೇವಾರಿ ಘಟಕದ ಮುಂದೆ ನಿಂತು ಒಂದು ಗ್ರೂಪ್ ಫೋಟೊ. ಊರಿನವರು ಏನು ಮಾಡಿ ಬದುಕುತ್ತಾರೆ, ಆ ದುಡಿಮೆ ಬೆಳೆಯಲು ತಾವೇನು ಮಾಡಬಹುದು ಎಂದು ಎರಡು ದಿನ ಕೂತು ಯೋಚಿಸುವ ಶಿಬಿರ ಮಾತ್ರ ಅಪರೂಪ.

ಅದು ನಮ್ಮ ಕೆಲಸವಲ್ಲ ಎನ್ನುವಂತಿಲ್ಲ. 1993ರಲ್ಲಿ ಜಾರಿಯಾದ ಸಂವಿಧಾನದ 74ನೇ ತಿದ್ದುಪಡಿ ತಂದ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳಿವೆ; ಆರ್ಥಿಕ, ಸಾಮಾಜಿಕ ಅಭಿವೃದ್ಧಿಯ ಯೋಜನೆ ಮೂರನೆಯದು. ಆದರೆ ನಮ್ಮ 1976ರ ಪಾಲಿಕೆ ಕಾಯ್ದೆಯ ಸ್ಥಾಯಿ ಸಮಿತಿಗಳನ್ನು ನೋಡಿ: ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ದುಡಿಮೆ, ವ್ಯಾಪಾರ ಯಾರ ಪಾಲಿಗೂ ಬಂದಿಲ್ಲ. ಹಾಗಾಗಿ ನಾಲ್ಕೂ ಸಮಿತಿಗಳು ಒಟ್ಟಿಗೆ ಕೂರಬೇಕು.

ದಾವಣಗೆರೆಯನ್ನೇ ತೆಗೆದುಕೊಳ್ಳಿ. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು. ಗಿರಣಿಗಳು ಮುಚ್ಚಿದವು, ಮಂಡಕ್ಕಿ ಭಟ್ಟಿಗಳು ಉಳಿದವು. ಶಿಬಿರ ಅಲ್ಲಿಂದಲೇ ಶುರುವಾಗಲಿ, ಅದೂ ಬೆಳ್ಳಂಬೆಳಿಗ್ಗೆ. ಕಾದ ಮರಳಿಗೆ ಅಕ್ಕಿ ಸುರಿದರೆ ಕಣ್ಣು ಮಿಟುಕಿಸುವುದರೊಳಗೆ ಅರಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ನೋಡಲು ಚಂದ. ಸ್ವಲ್ಪ ಹೊತ್ತು ನಿಂತರೆ ಹೊಗೆಗೆ ಕಣ್ಣುರಿ. ಆರೋಗ್ಯ ಸಮಿತಿಗೆ ಇದು ಹೊಗೆಯ ತಕರಾರು, ನಗರ ಯೋಜನೆಯವರಿಗೆ ಜಾಗದ್ದು, ತೆರಿಗೆಯವರಿಗೆ ಪರವಾನಗಿ ಶುಲ್ಕದ್ದು. ಭಟ್ಟಿ ನಡೆಸುವವರು ಮೂರು ಬಾಗಿಲು ಅಲೆಯುವುದು ತಪ್ಪಬೇಕಾದರೆ ಮೂರೂ ಸಮಿತಿಯವರು ಒಂದೇ ಭಟ್ಟಿಯ ಮುಂದೆ ನಿಲ್ಲಬೇಕು.

ಆಮೇಲೆ ಕೊಂಡಜ್ಜಿ ಕೆರೆ ಬದಿಗೋ, ಯಾವುದಾದರೂ ಸಮುದಾಯ ಭವನಕ್ಕೋ ಹೋಗಲಿ. ರಾತ್ರಿ ಅಲ್ಲೇ ತಂಗಬೇಕು. ಎಲ್ಲರೂ ಸಂಜೆ ಮನೆ ಸೇರಿದರೆ ಅದು ಇನ್ನೊಂದು ಸಾಮಾನ್ಯ ಸಭೆ. ಪಕ್ಷದ ಬಿಗುಮಾನ ಸಡಿಲುವುದು ಊಟದ ಪಂಕ್ತಿಯಲ್ಲಿ. (ಬೆಣ್ಣೆದೋಸೆ ಇರಲಿ, ಅದಕ್ಕೆ ನನ್ನ ವಿರೋಧವಿಲ್ಲ.) ಗುತ್ತಿಗೆದಾರರಿಗೆ ಆಹ್ವಾನ ಬೇಡ. ಬೀದಿಬದಿ ವ್ಯಾಪಾರಿಗಳು ಬೇಕೇ ಬೇಕು: 2014ರ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನವನ್ನು ಅವರಿಗೇ ಕೊಟ್ಟಿದೆ, ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ.

ಭಾಷಣಕ್ಕಿಂತ ಮೊದಲು ಕಾಗದ ಕೈಗೆ ಬರಲಿ. ಯಾವ ವಾರ್ಡಿನಲ್ಲಿ ಎಷ್ಟು ಉದ್ದಿಮೆ ಪರವಾನಗಿ, ಪಾಲಿಕೆಯ ಎಷ್ಟು ಮಳಿಗೆ ಖಾಲಿ, ಬಾಡಿಗೆ ಬಾಕಿ ಎಷ್ಟು. ದೊಡ್ಡ ಕಾರ್ಖಾನೆ ತರುವ ಮಾತು ಅಲ್ಲಿ ಬೇಡ, ಅದು ಪಾಲಿಕೆಯ ಕೈಯಲ್ಲಿಲ್ಲ. ಮಳಿಗೆ ಹರಾಜು, ಸಂತೆಯ ಜಾಗ, ಬೀದಿದೀಪ, ಮಾರುಕಟ್ಟೆಗೆ ಬರುವ ಹೆಂಗಸರಿಗೊಂದು ಶೌಚಾಲಯ ಕೈಯಲ್ಲಿವೆ. ಒಪ್ಪಿದ ಒಂದೊಂದು ಕೆಲಸದ ಮುಂದೂ ಹೊಣೆ ಹೊತ್ತವರ ಹೆಸರು, ಮುಗಿಸುವ ತಾರೀಖು ಬರೆದಿರಬೇಕು.

ಇಷ್ಟೆಲ್ಲ ಡಿಸೆಂಬರ್ ಒಳಗೆ ಮುಗಿಯಬೇಕು. ಬಜೆಟ್ ಮಂಡನೆಯಾದ ಮೇಲೆ ಶಿಬಿರ ಮಾಡಿದರೆ ಅಲ್ಲಿ ಒಪ್ಪಿದ್ದಕ್ಕೆ ಹಣ ಸಿಗುವುದು ಮುಂದಿನ ವರ್ಷವೇ. ನಿಮ್ಮೂರಲ್ಲಿ ಬಜೆಟ್ ಪೂರ್ವಭಾವಿ ಸಭೆ ಕರೆದಾಗ ಹೋಗಿ. ರಸ್ತೆ, ಚರಂಡಿಯ ಜೊತೆಗೆ ಈ ಶಿಬಿರ ಯಾವಾಗ ಎಂದೂ ಕೇಳಿ.