ಚಂಚಲ ನಕ್ಷತ್ರಗಳು: ಬರಿಗಣ್ಣಿಗೂ ಒಂದು ಕೆಲಸ

ನಕ್ಷತ್ರಗಳೆಲ್ಲ ಸದಾ ಒಂದೇ ಪ್ರಕಾಶದಿಂದ ಬೆಳಗುತ್ತವೆಯೇ? ಇಲ್ಲ. ಮಹಾವ್ಯಾಧ ನಕ್ಷತ್ರಪುಂಜದ ಒಂದು ಭುಜದಲ್ಲಿರುವ ಕೆಂಪು ತಾರೆ ಆರ್ದ್ರಾವನ್ನು ನೀವು ನೋಡಿಯೇ ಇರುತ್ತೀರಿ. 2019ರ ಕೊನೆಯ ತಿಂಗಳುಗಳಲ್ಲಿ ಅದು ಮಂಕಾಗುತ್ತ ಹೋಯಿತು. 2020ರ ಫೆಬ್ರುವರಿಯ ವೇಳೆಗೆ ಇನ್ನೊಂದು ಭುಜದ ತಾರೆ ಬೆಲ್ಲಾಟ್ರಿಕ್ಸ್‌ಗೆ ಸರಿಸಮಾನವೆನ್ನುವಷ್ಟು ಕಳೆಗುಂದಿತ್ತು. ಇದನ್ನು ಗುರುತಿಸಲು ದೂರದರ್ಶಕವೇ ಬೇಕಿರಲಿಲ್ಲ.

ನಕ್ಷತ್ರದ ಪ್ರಕಾಶವನ್ನು ಕಾಂತಿಮಾನ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಕಾಂತಿಮಾನದಲ್ಲಿ 5ರ ವ್ಯತ್ಯಾಸವೆಂದರೆ ಪ್ರಕಾಶದಲ್ಲಿ 100 ಪಟ್ಟು ವ್ಯತ್ಯಾಸ. 1ರ ವ್ಯತ್ಯಾಸವೆಂದರೆ ಸುಮಾರು 2.512 ಪಟ್ಟು. ಈ ಅನುಪಾತವನ್ನು 1856ರಲ್ಲಿ ಸೂಚಿಸಿದ ನಾರ್ಮನ್ ಪಾಗ್ಸನ್ ಮುಂದೆ ಮದರಾಸು ವೀಕ್ಷಣಾಲಯದ ಮುಖ್ಯಸ್ಥರಾದರು. ಅಲ್ಲಿಯೇ ಕೆಲಸಮಾಡುತ್ತಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ‘ಆರ್ ರೆಟಿಕ್ಯುಲೈ’ ಎಂಬ ಚಂಚಲ ನಕ್ಷತ್ರವನ್ನು ಪತ್ತೆಮಾಡಿದರು. ಆರ್ದ್ರಾದ ಕಾಂತಿಮಾನ ಸುಮಾರು 0.5ರಿಂದ 1.6ಕ್ಕೆ ಇಳಿಯಿತು ಎಂದರೆ, ಅದರ ಪ್ರಕಾಶ ಮೂರನೆಯ ಒಂದು ಭಾಗದ ಸಮೀಪಕ್ಕೆ ಕುಸಿಯಿತು ಎಂದರ್ಥ.

ಚಂಚಲತೆಗೆ ಕಾರಣ

ಕಾರಣಗಳು ಹಲವು. ಪರ್ಸಿಯಸ್ ಪುಂಜದ ಆಲ್ಗಾಲ್ ತಾರೆ 2 ದಿನ 20 ಗಂಟೆ 49 ನಿಮಿಷಗಳಿಗೊಮ್ಮೆ ಮಂಕಾಗುತ್ತದೆ. ಪರಸ್ಪರ ಸುತ್ತುವ ಎರಡು ತಾರೆಗಳಲ್ಲಿ ಮಂಕಾದುದು ಉಜ್ವಲವಾದುದಕ್ಕೆ ಅಡ್ಡ ಬರುವುದರಿಂದ ಉಂಟಾಗುವ ಗ್ರಹಣ ಇದು. ಆಲ್ಗಾಲ್‌ನ ಈ ಕ್ರಮಬದ್ಧತೆಯನ್ನು 1783ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ಜಾನ್ ಗುಡ್ರಿಕ್, ಕಿವಿ ಕೇಳಿಸದ ತರುಣ. ಆಗ ಅವನಿಗೆ ಇನ್ನೂ 20 ತುಂಬಿರಲಿಲ್ಲ. ಇನ್ನು ಕೆಲವು ತಾರೆಗಳು ಹಿಗ್ಗಿ ಕುಗ್ಗುತ್ತ ಮಿಡಿಯುತ್ತವೆ. ಡೆಲ್ಟಾ ಸಿಫಿಯ ಮಿಡಿತದ ಅವಧಿ ಸುಮಾರು 5.4 ದಿನ, ಮೀರಾ ತಾರೆಯದು ಸುಮಾರು 332 ದಿನ. ಆರ್ದ್ರಾ ಕೂಡ ಸುಮಾರು 400 ದಿನಗಳ ಅವಧಿಯಲ್ಲಿ ಮಿಡಿಯುತ್ತದೆ, ಆದರೆ ಅಷ್ಟು ಕ್ರಮಬದ್ಧವಾಗಿ ಅಲ್ಲ. 2019–20ರಲ್ಲಿ ಮಾತ್ರ, ಅದು ಹೊರಚೆಲ್ಲಿದ ಅನಿಲ ತಣಿದು ದೂಳಾಗಿ ನಮ್ಮ ದೃಷ್ಟಿರೇಖೆಗೆ ಅಡ್ಡ ಬಂದಿತ್ತೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಹವ್ಯಾಸಿಗಳ ಪಾಲು

ಹಿಂದಿನ ದಾಖಲೆಗಳೇ ಇಲ್ಲದಿದ್ದರೆ ಈ ಕುಸಿತ ಅಸಾಮಾನ್ಯವೆಂದು ಹೇಳುವುದಾದರೂ ಹೇಗೆ? ಅಂಥ ದಾಖಲೆಗಳ ದೊಡ್ಡ ಭಂಡಾರ 1911ರಲ್ಲಿ ಆರಂಭವಾದ ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘದಲ್ಲಿದೆ. ಅದನ್ನು ತುಂಬಿದವರಲ್ಲಿ ಬಹುಪಾಲು ಜನ ಹವ್ಯಾಸಿಗಳು. ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರ್‌ನ ಖಜಾನೆಯಲ್ಲಿ ನೌಕರರಾಗಿದ್ದ ರಾಧಾಗೋವಿಂದ ಚಂದ್ರ ಅವರೊಬ್ಬರೇ 37 ಸಾವಿರಕ್ಕೂ ಹೆಚ್ಚು ವೀಕ್ಷಣೆಗಳನ್ನು ಈ ಸಂಘಕ್ಕೆ ಕಳುಹಿಸಿದರು. 1926ರಲ್ಲಿ ಸಂಘವು ಅವರಿಗೆ ಆರು ಅಂಗುಲದ ದೂರದರ್ಶಕವೊಂದನ್ನು ಎರವಲು ಕೊಟ್ಟಿತು. ಮುಂದೆ ಅದು ಖಗೋಳ ವಿಜ್ಞಾನಿ ವೇಣು ಬಾಪು ಅವರ ಕೈಸೇರಿ, ಕಾವಲೂರು ವೀಕ್ಷಣಾಲಯಕ್ಕೆ ಬಂತು.

ಇಂದಿನ ದೈತ್ಯ ದೂರದರ್ಶಕಗಳಿರುವಾಗ ನಮ್ಮ ಕಣ್ಣಿನ ಅಂದಾಜು ಯಾರಿಗೆ ಬೇಕು ಎಂದು ನೀವು ಕೇಳಬಹುದು. ಮಸುಕಾದ ಕಾಯಗಳಿಗಾಗಿ ರೂಪಿಸಿದ ಸರ್ವೇಕ್ಷಣಾ ಕ್ಯಾಮೆರಾಗಳಲ್ಲಿ ಆರ್ದ್ರಾದಂಥ ಉಜ್ವಲ ತಾರೆಯ ಬಿಂಬ ಮಿತಿಮೀರಿ ತುಂಬಿಹೋಗುತ್ತದೆ, ಅಳತೆ ಸಿಗುವುದಿಲ್ಲ. ಅಲ್ಲದೆ ಒಂದೇ ತಾರೆಯನ್ನು ದಶಕಗಟ್ಟಲೆ ಬಿಡದೆ ನೋಡುವಷ್ಟು ಬಿಡುವು ದೊಡ್ಡ ಉಪಕರಣಗಳಿಗೆ ಇರುವುದಿಲ್ಲ.

ಅಳೆಯುವುದು ಹೇಗೆ?

ತತ್ತ್ವ ಸರಳ. ಕಣ್ಣು ಪ್ರಕಾಶವನ್ನು ನೇರವಾಗಿ ಅಳೆಯಲಾರದು, ಆದರೆ ಎರಡು ಬೆಳಕುಗಳನ್ನು ಚೆನ್ನಾಗಿ ಹೋಲಿಸಬಲ್ಲದು. ಕಾಂತಿಮಾನ ಗೊತ್ತಿರುವ ಎರಡು ತಾರೆಗಳನ್ನು ಆರಿಸಿಕೊಳ್ಳಿ: ಒಂದು ಚಂಚಲ ತಾರೆಗಿಂತ ಉಜ್ವಲ, ಇನ್ನೊಂದು ಮಂಕು. ಆರ್ದ್ರಾಕ್ಕೆ ಪ್ರೋಸಿಯಾನ್ (0.4) ಮತ್ತು ರೋಹಿಣಿ (0.9) ಒದಗುತ್ತವೆ. ಇವುಗಳ ನಡುವಿನ ಅಂತರವನ್ನು ಐದು ಪಾಲು ಮಾಡಿದರೆ, ಆರ್ದ್ರಾ ಪ್ರೋಸಿಯಾನ್‌ನಿಂದ ಎರಡು ಪಾಲು ಕೆಳಗಿದೆ ಎನಿಸಿತೆನ್ನಿ. ಆಗ ಅದರ ಕಾಂತಿಮಾನ 0.4 + (2/5 × 0.5) = 0.6. ಆರ್ದ್ರಾ ರೋಹಿಣಿಗಿಂತಲೂ ಮಂಕಾಗಿ ಕಂಡರೆ ರೋಹಿಣಿಯನ್ನೂ ಪೊಲಕ್ಸ್ (1.1) ತಾರೆಯನ್ನೂ ಬಳಸಿ. ಅಭ್ಯಾಸವಾದಂತೆ ನಿಮ್ಮ ಅಂದಾಜಿನ ತಪ್ಪು 0.1–0.2ರಷ್ಟಕ್ಕೆ ಇಳಿಯುತ್ತದೆ.

ಕೆಲವು ಎಚ್ಚರಿಕೆಗಳು ಅಗತ್ಯ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 15–20 ನಿಮಿಷ ಬಿಡಿ. ದಿಗಂತದ ಬಳಿ ವಾತಾವರಣವು ಬೆಳಕನ್ನು ಹೆಚ್ಚು ಹೀರುವುದರಿಂದ ತಾರೆಗಳೆಲ್ಲ ಮೇಲಿರುವಾಗ ನೋಡಿ. ಫೆಬ್ರುವರಿಯ ನಡುಭಾಗದಲ್ಲಿ ರಾತ್ರಿ 8ರಿಂದ 9ರವರೆಗೆ ಆರ್ದ್ರಾ ನಮ್ಮ ನೆತ್ತಿಯ ಸಮೀಪದಲ್ಲಿರುತ್ತದೆ. ಕೆಂಪು ತಾರೆಯನ್ನು ದಿಟ್ಟಿಸಿ ನೋಡಬೇಡಿ; ದಿಟ್ಟಿಸಿದಷ್ಟೂ ಅದು ಇರುವುದಕ್ಕಿಂತ ಉಜ್ವಲವೆನಿಸುತ್ತದೆ. ಸರಸರನೆ ಅದರಿಂದ ಇದಕ್ಕೆ ದೃಷ್ಟಿ ಹಾಯಿಸಿ.

ದಿನಾಂಕ, ವೇಳೆ, ಅಂದಾಜು, ಹೋಲಿಸಿದ ತಾರೆಗಳು, ಆಕಾಶದ ಸ್ಥಿತಿ – ಇಷ್ಟನ್ನೂ ಆಗಲೇ ಬರೆದಿಡಿ. ಖಗೋಳಜ್ಞರು ಬಳಸುವ ಜೂಲಿಯನ್ ದಿನ ನಮ್ಮ ಗಡಿಯಾರದಲ್ಲಿ ಸಂಜೆ 5.30ಕ್ಕೆ ಆರಂಭವಾಗುತ್ತದೆ. ಹೀಗಾಗಿ ಮಧ್ಯರಾತ್ರಿ ದಾಟಿದರೂ ದಿನದ ಸಂಖ್ಯೆ ಬದಲಾಗದು, ನಮ್ಮ ಒಂದು ಇಡೀ ರಾತ್ರಿ ಒಂದೇ ಸಂಖ್ಯೆಯೊಳಗೆ ಬರುತ್ತದೆ. ವಾರಕ್ಕೊಂದು ವೀಕ್ಷಣೆ ಸಾಕು. ಕಾಲಕ್ಕೆ ಎದುರಾಗಿ ಕಾಂತಿಮಾನವನ್ನು ನಕ್ಷೆಕಾಗದದ ಮೇಲೆ ಗುರುತಿಸಿದರೆ ಆ ತಾರೆಯ ಕಾಂತಿರೇಖೆ ಸಿದ್ಧ.

ಎಲ್ಲಕ್ಕಿಂತ ಮುಖ್ಯವಾದುದು ಪ್ರಾಮಾಣಿಕತೆ. ಹೊಸ ಅಂದಾಜನ್ನು ಬರೆಯುವ ಮೊದಲು ಹಳೆಯದನ್ನು ನೋಡಬೇಡಿ. ನೋಡಿದರೆ ಕಣ್ಣು ಅದನ್ನೇ ಮತ್ತೆ ಹೇಳುತ್ತದೆ. ಮೋಡ ಕವಿದ ರಾತ್ರಿಯ ಜಾಗವನ್ನು ಪುಸ್ತಕದಲ್ಲಿ ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಮುಂದೊಂದು ದಿನ ನಿಮ್ಮ ಅಂಕಿಗಳನ್ನು ಬಳಸುವವರಿಗೆ, ತಪ್ಪು ಅಂಕಿಗಿಂತ ಆ ಖಾಲಿ ಜಾಗವೇ ಹೆಚ್ಚು ಉಪಯುಕ್ತ.